ಅಕ್ಕನ ಎಲೆಯ ಕಡುಬು

ಅಕ್ಕ ತೀರಿಕೊಂಡು ವರ್ಷ ತುಂಬುವುದರೊಳಗೆ ಅವಳ ಗಂಡನಿಗೆ ನನ್ನನ್ನು ಕೊಡುವುದೆಂದು ಹಿರಿಯರು ಮಾತಾಡಿ ಮುಗಿಸಿದರು. ಅರವತ್ತರ ದಶಕದಲ್ಲಿ ನಮ್ಮ ಕಡೆ ಅದೇನೂ ಹೊಸದಲ್ಲ. ನನಗೆ ಹತ್ತೊಂಬತ್ತು. ನನ್ನನ್ನು ಕೇಳಲೇ ಇಲ್ಲ ಎಂದರೆ ಸುಳ್ಳಾದೀತು. ಕೇಳಿದರು, ಉತ್ತರಕ್ಕೆ ಕಾಯಲಿಲ್ಲ ಅಷ್ಟೇ. ಅವ್ವ ನಾವು ಚಿಕ್ಕವರಿದ್ದಾಗಲೇ ಹೋಗಿದ್ದರಿಂದ ನನ್ನ ಪರವಾಗಿ ಮಾತಾಡಲು ಮನೆಯಲ್ಲಿ ಬೇರೆ ಹೆಂಗಸರೂ ಇರಲಿಲ್ಲ.

ಮದುವೆಯ ಮಾರನೆಯ ದಿನದ ಔತಣ ಹೊಸನಗರದಾಚೆ ಭಾವನ ಮನೆಯಲ್ಲಿ. ಅಡುಗೆಯ ಪಟ್ಟಿ ಮಾಡುವ ದಿನ ನಾನೂ ಬರಬೇಕೆಂದು ಅಕ್ಕನ ಅತ್ತೆ ಹೇಳಿಕಳಿಸಿದ್ದರು. ಅಪ್ಪ ನನ್ನನ್ನು ಕರೆದುಕೊಂಡು ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿದರು. ನಾವು ಹೋಗುವಷ್ಟರಲ್ಲಿ ಸಾಗರದ ಅಡುಗೆ ಭಟ್ಟರು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅಕ್ಕನ ಮದುವೆಗೂ ಅವರದೇ ಅಡುಗೆ. ಚೀಲದಿಂದ ಮಡಿಸಿದ ಹಳೆಯ ಕಾಗದವೊಂದನ್ನು ತೆಗೆದರು.

"ಹೋದ ಸಲದ್ದೇ ಇರ್ಲಿ ಅಲ್ರಾ? ಸಕ್ಕರೆ ಸಿಕ್ಕೋದು ಕಷ್ಟ, ಸಿಹಿ ಬೆಲ್ಲದ್ದೇ ಮಾಡಾಣ. ಹುಡುಗಿಗೆ ಹಾಗಲಕಾಯಿ ಗೊಜ್ಜು ಬೇಕೇ ಬೇಕು ಅಂದಿದ್ರಿ" ಎಂದು ನನ್ನ ಕಡೆ ನೋಡಿ ನಕ್ಕರು.

ಹಾಗಲಕಾಯಿ ಕೇಳಿದ್ದವಳು ಅಕ್ಕ. ನನಗೆ ಅದನ್ನು ಕಂಡರಾಗದು. ಯಾರಾದರೂ ಭಟ್ಟರನ್ನು ತಿದ್ದುತ್ತಾರೆಂದು ಕಾದೆ. ಅತ್ತೆ, "ಹೌದೌದು, ಇರ್ಲಿ" ಎಂದರು. ಅಪ್ಪನೂ ತಲೆಯಾಡಿಸಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಆದರೆ ಅವರ ಕಣ್ಣು ನನ್ನ ಮೇಲೆ ನಿಂತಿರಲಿಲ್ಲ.

ಪಟ್ಟಿ ಮುಗಿಯುವ ಮೊದಲು ಅಕ್ಕನಿಗೆ ಎಡೆ ಇಡಬೇಕಿತ್ತು. ಮುತ್ತೈದೆಯಾಗಿ ಹೋದವಳು. ಎರಡನೆಯವಳು ಹೊಸಿಲು ದಾಟುವ ಮುಂಚೆ ಮೊದಲನೆಯವಳಿಗೆ ಹೊಟ್ಟೆತುಂಬ ಬಡಿಸಬೇಕು. ಆ ಮನೆಯಲ್ಲಿ ಇನ್ನೂ ಒಂದು ನೇಮವಿತ್ತು: ಎಡೆಯಲ್ಲಿ ಅವಳು ಯಾವುದನ್ನು ಮುಟ್ಟುತ್ತಾಳೋ ಔತಣದ ಎಲೆಗೆ ಅದೇ ಮೊದಲು ಬೀಳಬೇಕು. ಅಕ್ಕನ ಕೋಣೆಯಲ್ಲಿ ಮಣೆಯ ಮೇಲೆ ಅವಳ ಸೀರೆ, ಬಳೆ, ಕುಂಕುಮದ ಭರಣಿ. ಮುಂದೆ ಬಾಳೆಯೆಲೆ. ಅನ್ನ, ಪಾಯಸ, ಪಲ್ಯ ಬಡಿಸಿ ಕೊನೆಗೆ ಅತ್ತೆ ಒಂದು ಹಲಸಿನ ಹಣ್ಣಿನ ಕಡುಬನ್ನು ಸುತ್ತಿದ ಎಲೆಯ ಸಮೇತ ಇಟ್ಟರು.

"ಇದು ಅಂದ್ರೆ ಪ್ರಾಣ ಅವಳಿಗೆ" ಎಂದರು.

ಹಲಸಿನ ವಾಸನೆಗೇ ಅಕ್ಕನಿಗೆ ಹೊಟ್ಟೆ ತೊಳಸುತ್ತಿತ್ತು. ತವರಿನಲ್ಲಿ ನನಗೋಸ್ಕರ ಮೂಗಿಗೆ ಸೆರಗು ಕಟ್ಟಿಕೊಂಡು ಕಡುಬು ಮಾಡುತ್ತಿದ್ದಳು, ತಾನು ಚೂರೂ ಬಾಯಿಗಿಡುತ್ತಿರಲಿಲ್ಲ. ಅಪ್ಪನಿಗೆ ಇದೆಲ್ಲಿ ಗೊತ್ತು, ಮಕ್ಕಳ ಎಲೆಯ ಕಡೆ ನೋಡಿದವರೇ ಅಲ್ಲ. ಕೊನೆಯ ಸಲ ಊರಿಗೆ ಬಂದಾಗ ಅಕ್ಕ ಹೇಳಿದ್ದಳು: "ಮೊದಲ್ನೇ ದಿನ ಅತ್ತೆ ಕೇಳಿದ್ರು, ಚೆನ್ನಾಗಿದೆ ಅಂದ್ಬಿಟ್ಟೆ ಕಣೇ. ಅವತ್ತಿಂದ ನಂಗೆ ಎರಡೆರಡು ಬಡಿಸ್ತಾರೆ." ದಾಕ್ಷಿಣ್ಯಕ್ಕೆ ಬಸಿರಾದ ಕಥೆ ಎಂದು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಭಾವ ದೀಪ ಹಚ್ಚಿ ಎಲ್ಲರಿಗಿಂತ ಕೊನೆಗೆ ಹೊರಬಂದು ಬಾಗಿಲೆಳೆದರು. ನಾವೆಲ್ಲ ಹೊರಗೆ ಕೂತೆವು. ನಡುಮಧ್ಯಾಹ್ನ. ಒಳಗೆ ಎಲೆ ಸರಿದಂತೆ ಒಮ್ಮೆ ಸದ್ದಾಯಿತು. ಇಲಿ ಇರಬೇಕು ಎಂದುಕೊಂಡೆ. ಬೇರೆ ಯಾರಿಗೂ ಅದು ಕೇಳಿಸಿದಂತೆ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲು ತಟ್ಟಿ ತೆಗೆದರು. ಅನ್ನ ಹಾಗೇ ಇತ್ತು, ಪಾಯಸ ಹಾಗೇ ಇತ್ತು. ಕಡುಬು ಇರಲಿಲ್ಲ. ಅದನ್ನು ಸುತ್ತಿದ್ದ ಎಲೆ ಬಿಚ್ಚಿಕೊಂಡು ಬಿದ್ದಿತ್ತು.

"ಬಂದು ತಿಂದು ಹೋಗಿದಾಳೆ ನನ್ನ ಮಗಳು!" ಅತ್ತೆ ಗೊಳೋ ಎಂದು ಅತ್ತರು. ಅಪ್ಪ ಕಣ್ಣೊರೆಸಿಕೊಂಡರು. ಭಟ್ಟರು ಪಟ್ಟಿಯ ತಲೆಗೆ ಕಡುಬು ಎಂದು ಬರೆದುಕೊಂಡರು.

ಅಕ್ಕ ಬಂದಿದ್ದರೆ ಉಳಿದದ್ದೆಲ್ಲ ತಿಂದು ಅದೊಂದನ್ನು ಬಿಡುತ್ತಿದ್ದಳು. ಹಾಗಾದರೆ ಅವಳ ಮಣೆಯ ಮುಂದೆ ಕೂತು, ಅವಳ ಹೆಸರಿನಲ್ಲಿ ತಿಂದು ಹೋದದ್ದು ಯಾವುದು? ಅದು ಓಡಾಡುವ ಮನೆಗೆ ನಾನು ಬರಬೇಕಿತ್ತು. ಈ ಮದುವೆ ಬೇಡ ಎಂದು ಊರಿಗೆ ಹೋದ ಕೂಡಲೇ ಅಪ್ಪನಿಗೆ ಹೇಳಿಬಿಡುವುದೆಂದು ಗಟ್ಟಿಮಾಡಿಕೊಂಡೆ.

ಬಸ್ಸಿನ ತನಕ ಭಾವ ಜೊತೆಗೆ ಬಂದರು. ಅಪ್ಪ ಕೊಡೆ ಬಿಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ನಾನು ಧೈರ್ಯ ಮಾಡಿ ಹೇಳಿದೆ:

"ಭಾವ, ಅಕ್ಕ ಹಲಸಿನ ಕಡುಬು ತಿಂತಿರ್ಲಿಲ್ಲ."

"ಗೊತ್ತು."

"ಮತ್ತೆ ಒಳಗೆ ಬಂದಿದ್ದು ಯಾರು?"

ಅವರು ನೆಲ ನೋಡುತ್ತ ನಡೆದರು. "ನಾನೇ ತಿಂದೆ. ಅಮ್ಮ ಅತ್ಲಾಗೆ ತಿರುಗಿದಾಗ ಅವಳ ಎಲೆಯಿಂದ ಯಾವಾಗ್ಲೂ ನಾನೇ ತೆಗೀತಿದ್ದೆ. ದೀಪ ಹಚ್ಚಿ ಏಳೋವಾಗ ಇವತ್ತೂ ಕೈ ಹೋಯ್ತು. ಬಿಟ್ಟು ಬಂದಿದ್ರೆ ಅವಳು ಪಾಪ ಏನು ಮಾಡ್ತಿದ್ಲು?"

ಹೆದರಿಕೆ ಇಳಿದುಹೋಯಿತು. ಅದರ ಜಾಗದಲ್ಲಿ ಅವರ ಮೇಲೆ ಪ್ರೀತಿ ಹುಟ್ಟಿತು. ಸುಳ್ಳೇಕೆ ಹೇಳಲಿ, ಒಬ್ಬಳ ಇಷ್ಟಾನಿಷ್ಟವನ್ನು ಇಷ್ಟು ಬಲ್ಲ ಗಂಡಸು ನನ್ನದನ್ನೂ ತಿಳಿದಾನು ಎಂದು ಆಸೆಯಾಯಿತು. ಅಪ್ಪನಿಗೆ ಏನೂ ಹೇಳಲಿಲ್ಲ.

ಔತಣದ ದಿನ ನಮ್ಮಿಬ್ಬರನ್ನು ಅಕ್ಕಪಕ್ಕ ಕೂರಿಸಿದರು. ನೇಮದಂತೆ ಮೊದಲು ಕಡುಬು ಬಿತ್ತು. ಬಿಸಿಯಿತ್ತು, ಏಲಕ್ಕಿ ಘಮ್ಮೆನ್ನುತ್ತಿತ್ತು. ಅಕ್ಕ ಹೋದ ಮೇಲೆ ತವರಿನಲ್ಲಿ ಯಾರೂ ನನಗೆ ಅದನ್ನು ಮಾಡಿಕೊಟ್ಟಿರಲಿಲ್ಲ. ನನ್ನ ಬಾಯಲ್ಲಿ ನೀರೂರಿತು. ಎಲೆ ಬಿಚ್ಚಲು ಕೈ ಚಾಚಿದೆ.

ಅಷ್ಟರಲ್ಲಿ ಅತ್ತೆ ಪಂಕ್ತಿಯ ಆ ತುದಿಗೆ ತಿರುಗಿದರು. ಪಕ್ಕದಿಂದ ಒಂದು ಕೈ ಬಂದು ನನ್ನ ಕಡುಬನ್ನು ಸದ್ದಿಲ್ಲದೆ ಎತ್ತಿಕೊಂಡಿತು. ಅವರು ನನ್ನತ್ತ ನೋಡಿ, ಪಾರು ಮಾಡಿದೆ ಎಂಬಂತೆ ಸಣ್ಣಗೆ ನಕ್ಕರು. ಅವರು ಅಷ್ಟು ಸಂತೋಷದಿಂದ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅದು ಇಷ್ಟ ಎನ್ನಲು ಬಾಯಿ ತೆರೆದವಳು ಹಾಗಲಕಾಯಿ ಗೊಜ್ಜನ್ನು ಕಲಸಿಕೊಂಡು ಉಂಡೆ.