ರವಿಕೆ ತೊಟ್ಟ ಕಂಪ್ಯೂಟರು

ಚಿನಕುರಳಿಯ ಬಸ್ ನಿಲ್ದಾಣದ ಎದುರಿಗಿದ್ದ ಪುಟ್ಟತಾಯಮ್ಮನವರ ಜೆರಾಕ್ಸ್ ಅಂಗಡಿಯಲ್ಲಿ ಬಟ್ಟೆ ತೊಡದ ವಸ್ತು ಯಾವುದೂ ಇರಲಿಲ್ಲವೆಂಬ ಸಂಗತಿಯನ್ನು ಮೊದಲಿಗೇ ತಮ್ಮ ಗಮನಕ್ಕೆ ತರಬಯಸುತ್ತೇನೆ. ಕ್ಯಾಲ್ಕ್ಯುಲೇಟರಿಗೆ ಹೂವಿನ ಬಟ್ಟೆಯ ಚೀಲ, ಸ್ಟೇಪ್ಲರಿಗೆ ಟೊಪ್ಪಿಗೆ, ಗಿರಾಕಿಗಳು ಕೂರುವ ಸ್ಟೂಲಿಗೆ ನೆರಿಗೆಯ ಲಂಗ, ಜೆರಾಕ್ಸ್ ಯಂತ್ರಕ್ಕೆ ಜರಿಯಂಚಿನ ಹೊದಿಕೆ. ಕಂಪ್ಯೂಟರಿನ ಪೆಟ್ಟಿಗೆಗೆ ಮಾತ್ರ ವಿಶೇಷ ಗೌರವ ಸಲ್ಲುತ್ತಿತ್ತು. ಅದಕ್ಕೆ ಕೆಂಪು ಮಖಮಲ್ಲಿನ ರವಿಕೆ. ಅಂಚಿಗೆ ಹಳದಿ ಪೈಪಿಂಗು. ಸ್ವಿಚ್ಚು ಒತ್ತಲು ಎದೆಯ ಬಳಿ ಒಂದು ಕಾಜ.

ಪುಟ್ಟತಾಯಮ್ಮನವರು ಮೂಲತಃ ಟೈಲರು. ಸುತ್ತಲ ಹಳ್ಳಿಗಳ ಎಷ್ಟೋ ಮದುವಣಗಿತ್ತಿಯರ ರವಿಕೆಗಳು ಅವರ ಕೈಯಿಂದಲೇ ಸಿದ್ಧಗೊಂಡಿದ್ದವು. ಕಾಲಕ್ರಮೇಣ ಸೂಜಿಗೆ ದಾರ ಪೋಣಿಸಲು ಕಣ್ಣು ಸಹಕರಿಸದ ಕಾರಣ ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ಅದಕ್ಕೂ ಒಂದು ಅಂಗಿ ತೊಡಿಸಿ, ಜೆರಾಕ್ಸ್ ಯಂತ್ರವನ್ನೂ ಕಂಪ್ಯೂಟರನ್ನೂ ತಂದರು. ಅರ್ಜಿಗಳನ್ನೂ ಲಗ್ನಪತ್ರಿಕೆಗಳನ್ನೂ ಬೆರಳಚ್ಚು ಮಾಡುವ ಕೆಲಸಕ್ಕೆ ನನ್ನನ್ನು ನೇಮಿಸಿಕೊಂಡರು. ಅವರು ನನಗೆ ಅಕ್ಕ, ನಾನು ಅವರಿಗೆ ಅಮ್ಮಿ, ಅಂದರೆ ಹುಡುಗಿ. ಒಂಟಿಯಾಗಿದ್ದ ಅವರಿಗೆ ಈ ಅಂಗಡಿಯ ಹೊರತು ಅನ್ಯ ಜೀವನಾಧಾರವಿರಲಿಲ್ಲ.

ರಸ್ತೆಯಲ್ಲಿ ಜಲ್ಲಿ ಲಾರಿಗಳು ಹಾದುಹೋದಾಗಲೆಲ್ಲ ಬಿಳಿ ಧೂಳು ಅಂಗಡಿಯೊಳಗೆ ಬಂದು ಕೂರುತ್ತಿತ್ತು. "ಮುಚ್ಚಿಟ್ಟಿದ್ದು ಬಾಳ್ತದೆ ಕಣಮ್ಮಿ, ಬಿಚ್ಚಿಟ್ಟಿದ್ದು ಹಾಳಾಯ್ತದೆ" ಎಂಬುದು ಅವರ ನಿತ್ಯದ ಮಾತು. ಕಂಪ್ಯೂಟರು ಓಡುವಾಗಲಾದರೂ ಸದರಿ ರವಿಕೆಯನ್ನು ತೆಗೆಯಬೇಕೆಂದು ನಾನು ಹಲವು ಬಾರಿ ಮನವಿ ಮಾಡಿಕೊಂಡಿದ್ದೆ. "ಕೆಲ್ಸಕ್ಕೋಗೋವಾಗ ನೀನು ಬಟ್ಟೆ ಬಿಚ್ಚಿಟ್ಟು ಓಯ್ತೀಯಾ?" ಎಂಬ ಅವರ ಪ್ರಶ್ನೆಯೊಂದಿಗೆ ಮನವಿಯು ಪ್ರತಿಸಲವೂ ತಿರಸ್ಕೃತವಾಗುತ್ತಿತ್ತು.

ಹೀಗಿರುವಲ್ಲಿ ಒಂದು ಬೇಸಿಗೆಯಲ್ಲಿ, ಮದುವೆಗಳ ಭರಾಟೆಯ ನಡುವೆಯೇ, ಕಂಪ್ಯೂಟರು ತಾನಾಗಿ ಆರಿಹೋಗಲು ಆರಂಭಿಸಿತು. ಅದೇ ಊರಿನ ರಾಮಣ್ಣ ಎಂಬವರು ಮಗನ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಸುಖಾಗಮನ ಬಯಸುವವರ ಪಟ್ಟಿ ಉದ್ದವಿತ್ತು. ಅವರ ಭಾವಮೈದುನನ ಹೆಸರಿನವರೆಗೆ ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಅಲ್ಲಿಗೇ ಬಂದು ಆರುತ್ತಿತ್ತು.

"ನನ್ ಬಾಮೈದನ್ ಎಸ್ರು ಬತ್ತಿದ್ದಂಗೇ ಆರೋಯ್ತದಲ್ಲಾ, ಇದ್ಕೂ ಅವ್ನ್ ಕಂಡ್ರಾಗಲ್ವಾ?" ಎಂದು ರಾಮಣ್ಣ ಮೊದಲು ನಕ್ಕರು. ಆಮೇಲೆ ನಗಲಿಲ್ಲ. "ನಾಳೆ ಸಂಜೆ ಗಂಟ ಕಾಯ್ತೀನಿ ಕಣಕ್ಕ. ಆಗ್ನಿಲ್ಲ ಅಂದ್ರೆ ಪಾಂಡವಪುರಕ್ಕೆ ಕೊಟ್ಬುಡ್ತೀನಿ. ನಾನೊಬ್ನೇ ಅಲ್ಲ, ಊರೋರೆಲ್ಲ ಅಂಗೇ ಅಂತಾವ್ರೆ."

ಅಕ್ಕ ಮೂಲೆಯ ಹೊಲಿಗೆ ಯಂತ್ರದ ಕಡೆ ನೋಡಿದರು. ಅಂಗಡಿ ನಿಂತರೆ ಹಿಂದಿರುಗಲು ಅವರಿಗಿದ್ದದ್ದು ಅದೊಂದೇ. ಅದರ ಸೂಜಿಯ ಕಣ್ಣಾದರೋ ಅವರಿಗೆ ಕಾಣಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಪೆಟ್ಟಿಗೆಯನ್ನು ಎತ್ತಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟೆವು. ಬಸ್ಸಿನಲ್ಲಿ ಅವರು ಅದನ್ನು ರವಿಕೆಸಮೇತ ಮಡಿಲಲ್ಲಿ ಕೂರಿಸಿಕೊಂಡಿದ್ದರು. ಹೆಂಗಸರಿಗೆ ಟಿಕೆಟ್ಟು ಉಚಿತವಾಗಿರುವುದು ತಮಗೆ ತಿಳಿದೇ ಇದೆ. ಕಂಡಕ್ಟರು ಪೆಟ್ಟಿಗೆಯನ್ನು ದಿಟ್ಟಿಸಿ, "ಅಕ್ಕೋ, ಇದು ಗಂಡೋ ಹೆಣ್ಣೋ? ಗಂಡಾದ್ರೆ ಟಿಕೆಟ್ ತಗಬೇಕು" ಎಂದ.

"ರವಿಕೆ ಆಕೈತೆ, ಕಣ್ ಕಾಣಕಿಲ್ವಾ?" ಎಂದು ಅಕ್ಕ ಗದರಿದರು. ಬಸ್ಸೆಲ್ಲ ನಕ್ಕಿತು. ಲಗೇಜು ಕೇಳುವ ಧೈರ್ಯ ಕಂಡಕ್ಟರಿಗೆ ಬರಲಿಲ್ಲ.

ಕಂಪ್ಯೂಟರ್ ಅಂಗಡಿಯ ಯುವಕನು ರವಿಕೆಯನ್ನು ಕಳಚಿ, ಪಕ್ಕದ ತಗಡನ್ನು ಬಿಚ್ಚಿ ನೋಡಿದನು. ಒಳಗೆ ಧೂಳು ಮೆತ್ತಿ ಫ್ಯಾನು ತಿರುಗಲಾರದೆ ನಿಂತಿತ್ತು. "ಅಕ್ಕಾ, ಈ ಬಿಸ್ಲಲ್ಲಿ ನೀವು ಕಂಬ್ಳಿ ಒದ್ಕಂಡು ಕೂತ್ಕತೀರಾ?" ಎಂದ. "ಬೆವ್ತು ಬೆವ್ತು ಬೀಳ್ತಾ ಐತೆ. ಒಳ್ಗಡೆ ಸಾಮಾನೆಲ್ಲ ಚೆನ್ನಾಗೈತೆ. ಈ ಡಬ್ಬದ ಮುಂದ್ಗಡೆ ಗಾಳಿ ಓಗಕ್ಕೆ ದಾರೀನೇ ಇಲ್ಲ. ಗಾಳಿ ಆಡೋ ಅಂಥ ಬ್ಯಾರೆ ಡಬ್ಬ, ಕ್ಯಾಬಿನೆಟ್ಟು, ತಗಳಿ, ಇದೇ ಸಾಮಾನ್ನ ಅದ್ರೊಳ್ಗೆ ಕೂರುಸ್ಕೊಡ್ತೀನಿ."

ಅಕ್ಕ ಕೈಯಲ್ಲಿದ್ದ ರವಿಕೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ನಾನೇ ಉಸ್ರು ಕಟ್ಸಿದ್ನಾ ಅಮ್ಮಿ?" ಎಂದು ನನ್ನನ್ನು ಕೇಳಿದರು. ನಾನು ಧೂಳಿನ ಮೇಲೆ ತಪ್ಪು ಹೊರಿಸಿದೆ.

ಯುವಕನು ಮೊದಲು ತೋರಿಸಿದ ಕ್ಯಾಬಿನೆಟ್ಟಿನ ಮುಂಭಾಗ ಪೂರ್ತಿ ಗಾಜಿನದು. ಒಳಗೆ ಬಣ್ಣಬಣ್ಣದ ದೀಪಗಳು. "ಇದು ಗೇಮಿಂಗ್ದು ಅಕ್ಕ" ಎಂದ.

"ನಾನೇನ್ ಆಡಕ್ ಬಂದಿದ್ದೀನಾ? ಬೇಕ್ರೀಲಿ ಬನ್ ಇಡೋ ಪೆಟ್ಗೆ ಇದ್ದಂಗೈತೆ" ಎಂದು ಹೇಳಿದ ಅಕ್ಕ, ಇದ್ದಕ್ಕಿದ್ದಂತೆ ಬಾಗಿ ಗಾಜಿಗೆ ಬಾಯಿಟ್ಟು ಊದಿದರು. ಕೂಸುಗಳ ಅಂಗಿಗೆ ಬಟ್ಟೆ ಆರಿಸುವಾಗ ಅದನ್ನು ತುಟಿಗೆ ಹಿಡಿದು ಊದಿ ನೋಡುವುದು ಅವರ ಹಳೆಯ ವಾಡಿಕೆ. ಗಾಜಿನ ಮೇಲೆ ಮಂಜು ಕಟ್ಟಿತು. "ನೋಡು, ಉಸ್ರು ವಾಪಸ್ ಬಂತು. ಇದು ಬ್ಯಾಡ."

ತದನಂತರ ಅಂಗಡಿಯಲ್ಲಿದ್ದ ಸಮಸ್ತ ಕ್ಯಾಬಿನೆಟ್ಟುಗಳನ್ನೂ ಊದಿ ಪರೀಕ್ಷಿಸಲಾಯಿತು. ಪಕ್ಕದ ತಗಡು ತೆಗೆಸಿ, ಒಳಗೆ ಅಂಗೈ ಹಿಡಿದು ಗಾಳಿ ಬಂದುದನ್ನು ದೃಢೀಕರಿಸುವ ಜವಾಬ್ದಾರಿ ನನ್ನದಾಗಿತ್ತು. ಚೌಕಟ್ಟು ಚೆಂದವಿದ್ದ ಒಂದರಲ್ಲಿ ಮುಂದಿನ ತೂತುಗಳೆಲ್ಲ ಬರೀ ಅಲಂಕಾರ, ಹಿಂದೆ ತಗಡು ಅಡ್ಡವಿತ್ತು. "ಕಾಜ ಐತೆ, ಗುಂಡಿ ಇಲ್ಲ" ಎಂದು ಅದನ್ನು ತಳ್ಳಿದರು. ಇತರ ಗಿರಾಕಿಗಳು ತಮ್ಮ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಯುವಕನು ಗಲ್ಲಾಪೆಟ್ಟಿಗೆಯ ಹಿಂದೆ ಮುಖ ಮರೆಸಿಕೊಂಡಿದ್ದನು. ಕೊನೆಗೆ ಮುಂಭಾಗವೆಲ್ಲ ಸಣ್ಣ ಜಾಲರಿಯಿದ್ದ ಒಂದು ಸಾಧಾರಣ ಕಪ್ಪು ಪೆಟ್ಟಿಗೆಯನ್ನು ಊದಿದಾಗ, ನನ್ನ ಅಂಗೈಗೆ ಅವರ ಉಸಿರು ಎಲೆಅಡಿಕೆಯ ವಾಸನೆಸಹಿತ ಬಂದು ತಲುಪಿತು.

"ಬಂತು ಕಣಕ್ಕ!"

"ಇದ್ನೇ ಕಟ್ಟಪ್ಪ" ಎಂದರು. ಮುಂದಿನ ಫ್ಯಾನುಗಳು ತಂಪು ಗಾಳಿಯನ್ನು ಎಳೆದುಕೊಳ್ಳುವುದನ್ನೂ, ಹಿಂದಿನದು ಬಿಸಿಯನ್ನು ಹೊರದೂಡುವುದನ್ನೂ ಯುವಕನು ವಿವರಿಸುತ್ತಿದ್ದಾಗ ಅವರು ಅರ್ಧದಲ್ಲೇ ತಡೆದು, "ಊಂ, ಮೂಗು ಮುಂದ್ಕಿರಬೇಕು, ಗೊತ್ತು" ಎಂದರು.

ಸಂಜೆ ರಾಮಣ್ಣ ಬಂದು ಸ್ಟೂಲಿನ ಮೇಲೆ ಕುಳಿತರು. ಬರಿಮೈಯಲ್ಲಿದ್ದ ಪೆಟ್ಟಿಗೆಗೆ ಧೂಳು ತಾಗದಂತೆ ಅಕ್ಕ ರಸ್ತೆಗೆ ಬೆನ್ನು ಮಾಡಿ, ಸೆರಗನ್ನು ಪರದೆಯಂತೆ ಹಿಡಿದು ನಿಂತರು. ನಾನು ಬೆರಳಚ್ಚು ಮಾಡತೊಡಗಿದೆ. ದೊಡ್ಡಪ್ಪ ಬಂದರು, ಚಿಕ್ಕಪ್ಪ ಬಂದರು, ಕಿಕ್ಕೇರಿಯ ಬೀಗರು ಬಂದರು. ಭಾವಮೈದುನನ ಹೆಸರು ಸಮೀಪಿಸಿದಾಗ ಮೂವರೂ ಉಸಿರು ಬಿಗಿಹಿಡಿದೆವು. ಹೆಸರು ಮೂಡಿತು. ಪರದೆ ಆರಲಿಲ್ಲ. ಅವನ ಹೆಂಡತಿ ಮಕ್ಕಳೂ ಬಂದರು.

"ಬದ್ಕಂಡ ನನ್ಮಗ!" ಎಂದು ರಾಮಣ್ಣ ತೊಡೆ ತಟ್ಟಿದರು. ಅಕ್ಕ ಸೆರಗಿನಲ್ಲೇ ಕಣ್ಣೊರೆಸಿಕೊಂಡರು. ಕೇಳಿದ್ದಕ್ಕೆ ಧೂಳು ಎಂದರು.

ಆದರೆ ದಿನವಿಡೀ ಸೆರಗು ಹಿಡಿದು ನಿಲ್ಲುವುದು ಸಾಧ್ಯವಿರಲಿಲ್ಲ. ಜಾಲರಿಯ ಮೇಲೆ ಬಿಳಿ ಪದರ ಕಾಣಿಸಿಕೊಂಡ ದಿನ ಅವರು ಟೇಪು ಹಿಡಿದು ಪೆಟ್ಟಿಗೆಯ ಅಳತೆ ತೆಗೆದರು. "ಎದೆ, ಸೊಂಟ ಎಲ್ಲಾ ಒಂದೇ. ಈ ರಾಮಣ್ಣನ್ ಮೈಯಿದ್ದಂಗೈತೆ." ಮನೆಯ ಸೊಳ್ಳೆಪರದೆಯನ್ನು ಕತ್ತರಿಸಿ, ತುಟಿಗೆ ಹಿಡಿದು ಊದಿ, ತಲೆಯಾಡಿಸಿದರು. ಹೊಲಿಗೆ ಯಂತ್ರದ ಅಂಗಿ ಬಿಚ್ಚಿದರು. ದಾರ ನಾನು ಪೋಣಿಸಿದೆ. ಹೊಲಿಗೆ ಅವರು ಹಾಕಿದರು. ಮುಂಭಾಗಕ್ಕೆ ತೆಳುವಾದ ಪರದೆ, ಹಿಂಭಾಗ ಪೂರ್ತಿ ತೆರವು. ಒಂದಲ್ಲ, ಎರಡು ಹೊಲಿದರು. "ಒಂದು ಉಡಕ್ಕೆ, ಒಂದು ಒಗ್ಯಕ್ಕೆ. ಬಟ್ಟೆ ಮಾನ ಮುಚ್ಬೇಕು ಕಣಮ್ಮಿ, ಉಸ್ರು ಮುಚ್ಬಾರ್ದು." ಅವರ ಹಳೆಯ ಮಾತು ಅಂದಿನಿಂದ ರದ್ದಾಯಿತು.

ಒಂದು ವರ್ಷದ ನಂತರ ಅಂಗಡಿಯನ್ನು ನನಗೆ ವಹಿಸಿ ನಾಗಮಂಗಲದಲ್ಲಿದ್ದ ತಂಗಿಯ ಮನೆಗೆ ಹೋದರು. ಫೋನು ಮಾಡಿದಾಗಲೆಲ್ಲ ನನ್ನ ಕ್ಷೇಮಕ್ಕಿಂತ ಮೊದಲು "ಅದು ಉಸ್ರಾಡ್ತಾ ಐತಾ?" ಎಂದು ವಿಚಾರಿಸುತ್ತಿದ್ದರು.

ಅವರನ್ನು ನಾನು ಕಡೆಯದಾಗಿ ಕಂಡದ್ದು ಅಲ್ಲಿಯ ಆಸ್ಪತ್ರೆಯಲ್ಲಿ. ಮೂಗುಬಾಯಿಗೆ ಆಮ್ಲಜನಕದ ಮಾಸ್ಕು ಹಾಕಿದ್ದರು. ನನ್ನನ್ನು ಕಂಡೊಡನೆ ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, "ಇದ್ನ ಯಾರಮ್ಮಿ ಒಲ್ದೋರು? ಅಳ್ತೇನೇ ತಗಂಡಿಲ್ಲ" ಎಂದರು. ನನಗೆ ನಗು ಬಂತು, ನಕ್ಕೆ. ಅವರೂ ನಕ್ಕರು. ಮಾಸ್ಕನ್ನು ನಾನೇ ಸರಿಯಾಗಿ ಕೂರಿಸಿದೆ.

ಮೊನ್ನೆ ಭಾನುವಾರ ಪೆಟ್ಟಿಗೆಯ ಪರದೆಯನ್ನು ಒಗೆದು ನಮ್ಮ ಮನೆಯ ಬಟ್ಟೆಗಳ ಜೊತೆ ಹಗ್ಗಕ್ಕೆ ಹರವಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಹೆಂಗಸು ಅದನ್ನು ಹಿಡಿದೆಳೆದು ನೋಡಿ, "ಇದೇನವ್ವಾ, ತೋಳೂ ಇಲ್ಲ, ಕತ್ತೂ ಇಲ್ಲ! ಯಾರ್ದಿದು?" ಎಂದು ಕೇಳಿದರು.

"ನಮ್ಮಕ್ಕ ಒಲ್ದಿದ್ದು" ಎಂದೆ.