ಕನಿಷ್ಠ ತಾಪಮಾನದ ನಾರಾಯಣ

ನಾರಾಯಣನ ಸುದ್ದಿ ಪ್ರೇಮಕ್ಕನ ಕಿವಿಗೆ ಮೊದಲು ಬಿದ್ದದ್ದು ಒಂದು ಏಪ್ರಿಲ್ ಮಧ್ಯಾಹ್ನ. ಸೂರತ್ತಿನ ವರಾಛಾದಲ್ಲಿರುವ ಉಡುಪಿ ಹೋಟೆಲಿನ ಹಿಂಬದಿಯಲ್ಲಿ ಕೂತು ಅವಳು ಉದ್ದಿನಬೇಳೆ ಆರಿಸುತ್ತಿದ್ದಳು. ಧಣಿ ಮಾಧವರಾಯರು ಬಂದು, "ಕುಂದಾಪುರದಿಂದ ಹೊಸಬ ಬರ್ತಾನೆ ಪ್ರೇಮಕ್ಕ, ಹಿಟ್ಟು ಅರೆಯಲಿಕ್ಕೆ. ಹವಾಮಾನ ವರದಿ ಕೇಳದೆ ಗ್ರೈಂಡರಿಗೆ ಕೈ ಹಾಕುವುದಿಲ್ಲವಂತೆ" ಎಂದರು.

"ಎಂತ, ಅವ ಅಕ್ಕಿ ಅರೆಯುವವನಾ, ವಿಮಾನ ಹಾರಿಸುವವನಾ?" ಎಂದಳು ಪ್ರೇಮಕ್ಕ.

ಅವಳ ಗಂಡ ಅದೇ ಹೋಟೆಲಿನಲ್ಲಿ ಅಡುಗೆಗಿದ್ದವನು. ಅವನು ತೀರಿಹೋದ ಮೇಲೆ ಊರಿಗೆ ಮರಳಿ ನಾದಿನಿಯ ಬಾಯಿಗೆ ಬೀಳುವುದಕ್ಕಿಂತ ಸೂರತ್ತಿನ ಸೆಕೆಯೇ ವಾಸಿ ಎಂದು ಮಹಡಿಯ ಕೋಣೆಯಲ್ಲೇ ಉಳಿದಿದ್ದಳು.

ಬಂದವನು ಒಣಕಲು ಆಸಾಮಿ. ಅಂಗಿ ತೊಡುತ್ತಿದ್ದುದು ರೈಲು ಹತ್ತುವಾಗ ಮಾತ್ರ. ಬೇಸಿಗೆಯಲ್ಲಿ ಪ್ರತಿ ಭಾನುವಾರ ಮುಂದಿನ ವಾರದ ಮುನ್ಸೂಚನೆಗೆಂದು ಟಿವಿಯ ಎದುರು ಕೂರುತ್ತಿದ್ದ. ಅಹಮದಾಬಾದ್ ನಲವತ್ತಮೂರು, ವಡೋದರಾ ನಲವತ್ತೆರಡು ಎಂದು ಹವಾಮಾನ ಓದುವ ಹುಡುಗಿ ಮನೆಗೆ ಬೆಂಕಿ ಬಿದ್ದವಳಂತೆ ಕೂಗಿದರೆ ಇವನು ಆಕಳಿಸುತ್ತಿದ್ದ.

"ಅದು ಐಸ್‌ಕ್ರೀಮಿನವನಿಗೆ. ನಂಗೆ ರಾತ್ರಿದು ಬೇಕು, ಪ್ರೇಮಕ್ಕ. ಹಿಟ್ಟು ಉಬ್ಬೂದು ರಾತ್ರಿಯಲ್ವಾ?"

ಕನಿಷ್ಠ ಇಪ್ಪತ್ತೊಂಬತ್ತು, ಜೊತೆಗೆ ಸಮುದ್ರದ ಕಡೆಯ ತೇವ ಎಂದಿದ್ದ ದಿನ ರಾತ್ರಿ ಎಂಟರ ಮೇಲೆಯೇ ಅರೆಯುತ್ತಿದ್ದ. ಹಿಟ್ಟು ಬೇಗ ಹುಳಿ ಬಾರದಂತೆ ಗ್ರೈಂಡರಿಗೆ ಐಸು ಸುರಿದು, ಉಪ್ಪನ್ನು ಆಗಲೇ ಬೆರೆಸಿಬಿಡುತ್ತಿದ್ದ. ಏಳು ಬೇಸಿಗೆ ಒಂದು ಇಡ್ಲಿಯೂ ಹುಳಿಯಾಗಲಿಲ್ಲ. ಹಾಗಾಗಿ ಅವನೊಬ್ಬ ಇದ್ದಾನೆಂಬುದೇ ಯಾರಿಗೂ ನೆನಪಿರಲಿಲ್ಲ.

ಈ ವರ್ಷ ಮಾಧವರಾಯರು ಮಂಡಿನೋವೆಂದು ಮನೆಯಲ್ಲಿ ಕೂತರು. ಸೂರತ್, ವಡೋದರಾ, ಅಹಮದಾಬಾದ್ ಮೂರೂ ಊರಿನ ಹೋಟೆಲು ಮಗ ಸುಮುಖನ ಕೈಗೆ ಬಂತು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಸುಮುಖ ಎಸಿ ಕೋಣೆಯಲ್ಲಿ ಕೂತು ಸೆಕೆಯ ಬಗ್ಗೆ ಆಳವಾಗಿ ಯೋಚಿಸಿ, ಹಗಲಿನ ತಾಪ ನೋಡಿ ಹಿಟ್ಟು ಅರೆಯುವ ಒಂದು ಚಾರ್ಟು ಮಾಡಿದ. ಆ ವಾರ ಅಹಮದಾಬಾದಿಗೆ ನಲವತ್ತಮೂರು, ಆರೆಂಜ್ ಅಲರ್ಟ್. ಸೂರತ್ತಿಗೆ ಬರೀ ಮೂವತ್ತೈದು.

"ನಾರಾಯಣ್ ಭಾಯಿ, ಸೂರತ್ ಠಂಡಾ ಇದೆ ನಾ? ಐಸ್ ಬಂದ್. ನಾಲ್ಕು ಗಂಟೆಗೇ ಗ್ರೈಂಡ್ ಮಾಡಿ. ಸಾಲ್ಟ್ ಮಾರ್ನಿಂಗ್ ಹಾಕಿ" ಎಂದ ಫೋನಿನಲ್ಲಿ. "ಚಾರ್ಟ್ ಬಿಟ್ಟು ಮಾಡಿದ್ರೆ ಊರಿಗೆ ಹೋಗಿ, ಖತಮ್."

"ನೀನು ನಿನ್ನ ಹಾಗೇ ಮಾಡು ಮಾರಾಯ, ಯಾರು ಬಂದು ನೋಡ್ತಾರೆ?" ಎಂದಳು ಪ್ರೇಮಕ್ಕ.

ನಾರಾಯಣ ಗೋಡೆಯ ಮೇಲಿನ ಕ್ಯಾಮೆರಾ ತೋರಿಸಿದ. "ಐವತ್ತೆಂಟಾಯ್ತು, ಪ್ರೇಮಕ್ಕ. ಇಲ್ಲಿಂದ ತೆಗೆದ್ರೆ ನನ್ನನ್ನು ಇನ್ಯಾರು ಕರೀತಾರೆ?"

ಚಾರ್ಟಿನಂತೆಯೇ ಅರೆದ.

ಬೆಳಿಗ್ಗೆ ಐದಕ್ಕೆ ನೋಡಿದರೆ ಹಿಟ್ಟು ಕೊಪ್ಪರಿಗೆ ಬಿಟ್ಟು ಇಳಿದು, ಬಾಗಿಲು ದಾಟುತ್ತಿತ್ತು. ಸೂರತ್ತಿನ ಥಂಡಿ ತಾಳಲಾರದೆ ಪಾಪ, ಬಿಸಿಲು ಕಾಯಿಸಿಕೊಳ್ಳಲು ಹೊರಟಿತ್ತು. ಕೆಲಸಕ್ಕೆ ಹೋಗುವ ಮುಂಚೆ ತಿಂಡಿಗೆ ಬರುವ ವಜ್ರದ ಕಾರ್ಖಾನೆಯವರಲ್ಲಿ ಒಬ್ಬ ಮೊದಲ ತುತ್ತಿಗೇ ಮುಖ ಹಿಂಡಿ, "ಕಾಕಾ, ಆ ಇಡ್ಲಿ ಛೇ ಕೆ ಖಾಟಾ ಢೋಕಳಾ?" ಎಂದ. ಇಡ್ಲಿಯೋ ಹುಳಿ ಢೋಕಳವೋ ಎಂದು ಅವನಿಗೆ ನಿಜಕ್ಕೂ ಅನುಮಾನ. ಉಳಿದವರು ನಕ್ಕು, ಎದುರಿನ ತಳ್ಳುಗಾಡಿಯ ಪೋಹಾ ತಿನ್ನಲು ಹೋದರು.

ಮಧ್ಯಾಹ್ನದ ಹೊತ್ತಿಗೆ ಸುಮುಖ ಅಹಮದಾಬಾದಿನಿಂದ ಬಂದಿಳಿದ.

"ಚಾರ್ಟ್ ಕರೆಕ್ಟ್ ಇತ್ತು. ಎಕ್ಸಿಕ್ಯೂಶನ್ ಗಲತ್."

"ಹೌದು ಮಗಾ," ಎಂದಳು ಪ್ರೇಮಕ್ಕ. "ಹಿಟ್ಟಿಗೆ ನನ್ನ ಹಾಗೇ ಓದಲಿಕ್ಕೆ ಸರಿಯಾಗಿ ಬರೂದಿಲ್ಲ. ಚಾರ್ಟು ಅರ್ಥ ಆಗಲಿಲ್ಲ ಕಾಣ್ತದೆ."

"ಅಜ್ಜಿ, ಸೂರತ್ ಥರ್ಟಿಫೈವ್ ಅಷ್ಟೇ ಇತ್ತು!"

"ಅದು ಹಗಲಿಂದು. ರಾತ್ರಿ ಎಷ್ಟಿತ್ತು?"

"ರಾತ್ರಿದು ಯಾರು ನೋಡ್ತಾರೆ?"

"ನೋಡುವವ ಒಬ್ಬ ಇದ್ದ. ಅವನಿಗೆ ನೀನು ಐಸು ಬಂದ್ ಮಾಡಿದ್ದು."

ಸುಮುಖ ಫೋನು ನೋಡತೊಡಗಿದ. ಫೋನಿನಿಂದ ತಲೆಯೆತ್ತದೆಯೇ, ನಾರಾಯಣ್ ಭಾಯಿಗೆ ವಯಸ್ಸಾಯಿತು, ಊರಿಗೆ ಹೋಗಿ ರೆಸ್ಟ್ ಮಾಡಲಿ ಎಂದ. ಚಾರ್ಟು ಬಿಟ್ಟರೆ ಊರಿಗೆ ಎಂದಿದ್ದವನು, ಚಾರ್ಟು ಹಿಡಿದವನನ್ನೂ ಊರಿಗೇ ಕಳಿಸಿದ. ತಾರತಮ್ಯವಿಲ್ಲದ ಧಣಿ.

ಸಂಜೆ ಆಟೋ ಬಾಗಿಲಿಗೆ ಬಂದು ನಿಂತಿತ್ತು. ನಾರಾಯಣ ಇಸ್ತ್ರಿ ಅಂಗಿ ತೊಟ್ಟು, ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಪ್ರೇಮಕ್ಕ, ಒಂದು ಮಾತು ಕೇಳ್ಲಾ?"

ದೊಡ್ಡ ಧಣಿಗೆ ಫೋನು ಮಾಡಿ ಎನ್ನುತ್ತಾನೆ ಎಂದುಕೊಂಡಳು ಅವಳು. ಮಾಧವರಾಯರ ಮಂಡಿನೋವು ಮರೆಯುವಂಥ ನಾಲ್ಕು ಮಾತು ಆಗಲೇ ನಾಲಿಗೆ ತುದಿಗೆ ಬಂದಿತ್ತು.

"ಕೇಳು ಮಾರಾಯ."

"ಶುಕ್ರವಾರದವರೆಗೂ ರಾತ್ರಿ ಸೆಕೆ ಇಳಿಯೂದಿಲ್ಲವಂತೆ. ನನ್ನ ಜಾಗಕ್ಕೆ ಬರುವ ಹೊಸಬನಿಗೆ ಐಸು ಹಾಕಲಿಕ್ಕೆ ಹೇಳಿ, ಉಪ್ಪು ಅರೆದ ಕೂಡ್ಲೇ. ಆದ್ರೆ ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ. ಸಣ್ಣ ಧಣಿಗಳ ಚಾರ್ಟಿನಲ್ಲೇ ಹೀಗೆ ಉಂಟು ಅಂತ ಹೇಳಿ."