ಕತ್ತರಿಸಿದ ಸಿನಿಮಾಕ್ಕೆ ಬಂದ ವಕೀಲರು

ಬಂಧುಗಳೇ, ಇಂದು ನನ್ನ ರವಿವಾರವೂ ಹೋಯಿತು. ಮಕ್ಕಳು, ಹಿರಿಯರೆಲ್ಲ ಕೂಡಿ ನೋಡಲೆಂದು ಸಿನಿಮಾಗಳಲ್ಲಿನ ಮುದ್ದಾಟ, ಕುಡಿತ, ರಕ್ತವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಸಿಡಿ ಮಾಡುತ್ತೇನೆ. ವಾರಕ್ಕೊಮ್ಮೆ ಓಣಿಯವರು ಬಂದು ಒಬ್ಬನೇ ಇರುವ ನನ್ನ ಮನೆ ತುಂಬುವುದು ಅದರಿಂದಲೇ. ಇಂದು ಚಾಪೆ ಹಾಸಿ, ಅವಲಕ್ಕಿ ಹಚ್ಚಿ ಕಾದರೆ ಬಂದವರು ಪಕ್ಕದ ಮನೆಯ ವಕೀಲರೊಬ್ಬರೇ, ಅದೂ ಹೊಸ್ತಿಲವರೆಗೆ.

“ಕಾಕಾ, ಮಂದಿ ಮಾಡಿದ ಸಿನಿಮಾ ಅವರನ್ನ ಕೇಳದ ಕತ್ತರಿಸಿ ತೋರ್ಸೂದು ಕಾಪಿರೈಟ್ ಕಾಯ್ದಾಕ್ಕ ವಿರುದ್ಧ ಐತ್ರಿ. ಓಣ್ಯಾಗೂ ಎಲ್ಲಾರಿಗೆ ಹೇಳೇನಿ.”

“ಕೆಟ್ಟದ್ದನ್ನಷ್ಟ ತೆಗದೇನಲ್ರಿ, ವಕೀಲ್ರ?”

“ಏನ್ ತೆಗದ್ರೂ ತಪ್ಪರಿ. ಯಾರರ ದೂರು ಕೊಟ್ರ ಪೊಲೀಸ್ರು ಬರ್ತಾರ.”

“ಖರೇನ ಬರ್ತಾರೇನ್ರಿ?” ಎಂದೆ. ನನ್ನ ದನಿಯಲ್ಲಿ ಆಸೆ ಕೇಳಿಸಿತೇನೋ, ವಕೀಲರು ಗಾಬರಿಯಾದರು.

“ಬರ್ಲಿ ಬಿಡ್ರಿ,” ಎಂದೆ ನಾನೇ. “ ಸಾಕ್ಷಿಗೆ ಅಂತಾದ್ರೂ ಅವ್ರು ಕೂತು ಪೂರ್ತಿ ನೋಡಬೇಕಲ್ರಿ.”